ಡಂಡಂನ ಗುಂಡು, ಮೋರೋಗಳ ಎದೆ

ಕೊಲ್ಕತ್ತಾದ ಬಳಿಯ ಡಂಡಂ ಎಂದೊಡನೆ ಇಂದು ನೆನಪಾಗುವುದು ವಿಮಾನ ನಿಲ್ದಾಣ. 1857ರ ಜನವರಿಯಲ್ಲಿ ಕೊಬ್ಬು ಸವರಿದ ತೋಟೆಗಳ ಸುದ್ದಿ ಹಬ್ಬಿದ್ದು ಅಲ್ಲಿಂದಲೇ ಎಂಬುದು ಇತಿಹಾಸ ಓದಿದವರಿಗೆ ಗೊತ್ತು. ಆದರೆ ಅದೇ ಊರಿನ ಶಸ್ತ್ರಾಗಾರ ನಾಲ್ಕು ದಶಕಗಳ ಬಳಿಕ ಜಗತ್ತಿಗೆ ಕೊಟ್ಟ ಇನ್ನೊಂದು ವಸ್ತುವನ್ನು ನಾವು ಮರೆತಿದ್ದೇವೆ.

1895ರ ಚಿತ್ರಾಲ್ ದಂಡಯಾತ್ರೆಯಲ್ಲಿ ಬ್ರಿಟಿಷರ ಹೊಸ ಬಂದೂಕಿನ ಸಣ್ಣ ಗುಂಡು ಪಠಾಣರ ದೇಹವನ್ನು ಹಾದುಹೋದರೂ ಅವರು ನಿಲ್ಲುವುದಿಲ್ಲ ಎಂಬ ದೂರು ಬಂತು. ಡಂಡಂನ ಅಧಿಕಾರಿ ಕ್ಯಾಪ್ಟನ್ ಬರ್ಟಿ-ಕ್ಲೇ ಗುಂಡಿನ ತುದಿಯ ಲೋಹದ ಕವಚವನ್ನು ತೆಗೆದು ಸೀಸವನ್ನು ಬಯಲಾಗಿಸಿದ. ದೇಹ ಹೊಕ್ಕೊಡನೆ ಅದು ಅರಳಿ ಮಾಂಸ, ಮೂಳೆಗಳನ್ನು ಛಿದ್ರಗೊಳಿಸುತ್ತಿತ್ತು. 1899ರ ಹೇಗ್ ಸಮ್ಮೇಳನ ಇಂಥ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸ ಹೊರಟಾಗ ಬ್ರಿಟನ್ ಮತ್ತು ಅಮೆರಿಕ ವಿರೋಧಿಸಿದವು. ನಾಗರಿಕ ಸೈನಿಕ ಗಾಯಗೊಂಡೊಡನೆ ಹಿಂದೆ ಸರಿಯುತ್ತಾನೆ, ಮತಾಂಧ ಅನಾಗರಿಕ ಹಾಗಲ್ಲ ಎಂಬುದು ಬ್ರಿಟಿಷ್ ಪ್ರತಿನಿಧಿ ಜನರಲ್ ಆರ್ಡಾ ಅವರ ವಾದವಾಗಿತ್ತು. ಗುಂಡಿನ ಅಳತೆಯನ್ನು ನಿರ್ಧರಿಸುವಲ್ಲಿ ಎದುರಾಳಿಯ ಧರ್ಮ, ಬಣ್ಣಗಳೂ ಲೆಕ್ಕಕ್ಕೆ ಬಂದವು ಎಂದಾಯಿತು!

ಇದೇ ವಾದ ಫಿಲಿಪ್ಪೀನ್ಸ್‌ನಲ್ಲೂ ಕೇಳಿಬಂತು. ಅಲ್ಲಿನ ಮಿಂದನಾವೋ, ಸುಲು ದ್ವೀಪಗಳ ಮುಸ್ಲಿಮರನ್ನು ಸ್ಪೇನಿನವರು, ಅಂದಲೂಸಿನ ಮುಸ್ಲಿಮರಿಗಿಟ್ಟ ಹೆಸರಿನಿಂದಲೇ, 'ಮೋರೋ' ಎಂದು ಕರೆದಿದ್ದರು. 1898ರಲ್ಲಿ ಎರಡು ಕೋಟಿ ಡಾಲರಿಗೆ ದ್ವೀಪಗಳು ಅಮೆರಿಕದ ಕೈಸೇರಿದವು. ಸುಲು ಸುಲ್ತಾನರೊಂದಿಗೆ 1899ರಲ್ಲಿ ಮಾಡಿಕೊಂಡ ಒಪ್ಪಂದವನ್ನು 1904ರಲ್ಲಿ ಅಮೆರಿಕವೇ ಮುರಿಯಿತು. ಕತ್ತಿ ಹಿಡಿದು ಮೇಲೆರಗುವ ಮೋರೋಗಳನ್ನು .38 ರಿವಾಲ್ವರ್ ತಡೆಯುತ್ತಿಲ್ಲ ಎಂದು ಅಧಿಕಾರಿಗಳು ವರದಿ ಮಾಡಿದರು. ಅವರು ಏಕೆ ಮೇಲೆರಗುತ್ತಿದ್ದಾರೆಂದು ವಿಚಾರಿಸುವ ಬದಲು, ಎಷ್ಟು ದಪ್ಪದ ಗುಂಡು ಬೇಕೆಂದು ವಿಚಾರಿಸಲಾಯಿತು.

1904ರಲ್ಲಿ ಥಾಂಪ್ಸನ್ ಎಂಬ ಸೇನಾಧಿಕಾರಿ ಮತ್ತು ಲಗಾರ್ಡ್ ಎಂಬ ಸೇನಾ ವೈದ್ಯ ಷಿಕಾಗೋದ ಕಸಾಯಿಖಾನೆಯಲ್ಲಿ ಜೀವಂತ ದನಗಳ ಮೇಲೆ ಗುಂಡು ಹಾರಿಸಿ ನೋಡಿದರು. ಮನುಷ್ಯರ ಶವಗಳನ್ನು ತೂಗುಹಾಕಿ, ಗುಂಡು ತಗಲಿದಾಗ ಎಷ್ಟು ಓಲಾಡುತ್ತವೆ ಎಂದೂ ಪರೀಕ್ಷಿಸಿದರು. .45ಕ್ಕಿಂತ ಕಡಿಮೆ ಸಾಲದು ಎಂಬ ಅವರ ಶಿಫಾರಸಿನ ಫಲವೇ 1911ರಲ್ಲಿ ಅಮೆರಿಕದ ಸೇನೆ ಸ್ವೀಕರಿಸಿದ ಪ್ರಸಿದ್ಧ ಪಿಸ್ತೂಲು. ಈ ನಡುವೆ 1906ರ ಮಾರ್ಚ್‌ನಲ್ಲಿ ಬುದ್ ದಾಜೋ ಎಂಬ ಆರಿದ ಜ್ವಾಲಾಮುಖಿಯ ಬಾಯಲ್ಲಿ ಆಶ್ರಯ ಪಡೆದಿದ್ದ ನೂರಾರು ಮೋರೋಗಳನ್ನು, ಮಹಿಳೆಯರು ಮಕ್ಕಳೆನ್ನದೆ, ಅಮೆರಿಕದ ಪಡೆ ಕೊಂದುಹಾಕಿತು. ಮಾರ್ಕ್ ಟ್ವೇನ್ ಅದನ್ನು ಕಟುವಾಗಿ ಖಂಡಿಸಿ ಬರೆದರಾದರೂ ಆ ಬರಹ ಅವರ ಜೀವಿತಕಾಲದಲ್ಲಿ ಪ್ರಕಟವಾಗಲಿಲ್ಲ.

ಹೇಗ್ ಘೋಷಣೆ ಅನ್ವಯಿಸುವುದು ಯುದ್ಧಕ್ಕೆ ಮಾತ್ರ. ಹೀಗಾಗಿ ಶತ್ರು ಸೈನಿಕನ ಮೇಲೆ ಹಾರಿಸಬಾರದ ಅರಳುವ ಗುಂಡು ಅಮೆರಿಕದ ಪೊಲೀಸರ ಸೊಂಟದಲ್ಲಿ ಸಾಮಾನ್ಯವಾಗಿದೆ. ನ್ಯೂಯಾರ್ಕ್ ಪೊಲೀಸರು 1998ರಲ್ಲಿ ಅದಕ್ಕೆ ಬದಲಾದರು. ಸಾಧಾರಣ ಗುಂಡು ಒಬ್ಬನ ದೇಹವನ್ನು ಭೇದಿಸಿ ದಾರಿಹೋಕನಿಗೂ ತಗಲೀತು ಎಂಬುದು ಅವರ ಸಮರ್ಥನೆ, ಅದರಲ್ಲಿ ಹುರುಳಿಲ್ಲವೆನ್ನಲಾಗದು.

ಇಷ್ಟೆಲ್ಲಾ ಆದ ಮೇಲೆ, 1986ರ ಮಯಾಮಿ ಕಾಳಗದಲ್ಲಿ ತನ್ನ ಇಬ್ಬರು ಸಿಬ್ಬಂದಿಯನ್ನು ಕಳೆದುಕೊಂಡ ಎಫ್‌ಬಿಐ 1989ರ ವರದಿಯಲ್ಲಿ ಹೇಳಿದ್ದೇನು? ಪಿಸ್ತೂಲಿನ ಗುಂಡು ಹೊಡೆತದ ರಭಸದಿಂದ ಮನುಷ್ಯನನ್ನು ಕೆಡಹುವುದಿಲ್ಲ. ಮೆದುಳಿಗೋ ಬೆನ್ನುಹುರಿಗೋ ತಗಲದಿದ್ದರೆ, ರಕ್ತ ಸಾಕಷ್ಟು ಸೋರುವವರೆಗೂ ಅವನು ಎದ್ದು ನಿಂತೇ ಇರಬಲ್ಲ. ಮರ್ಮಸ್ಥಾನಕ್ಕೆ ತಗಲದಿದ್ದರೆ ಯಾವ ಪಿಸ್ತೂಲನ್ನೂ ನಂಬುವಂತಿಲ್ಲವೆಂದು ಲಗಾರ್ಡ್ ಮತ್ತು ಥಾಂಪ್ಸನ್ ಕೂಡ 1904ರಲ್ಲೇ ಬರೆದಿಟ್ಟಿದ್ದರು.