ಯಾವುದು ಮೊದಲು, ಯಾವುದು ಅನಂತರ?

10 − 4 + 3 ಎಂಬ ಲೆಕ್ಕಕ್ಕೆ ನಿಮ್ಮ ಮಗು 3 ಎಂದು ಉತ್ತರ ಬರೆದು, ಕೆಂಪು ಗೀಟು ಬಿದ್ದ ಪುಸ್ತಕವನ್ನು ಮನೆಗೆ ತಂದಿತೆನ್ನಿ. ಗದರಿಸುವ ಮುನ್ನ ಕಾರಣವನ್ನು ಕೇಳಿರಿ. ‘ಬಾಡ್‌ಮಾಸ್’ ಎಂಬ ಸೂತ್ರಪದದಲ್ಲಿ ಸಂಕಲನದ ಅಕ್ಷರವು ವ್ಯವಕಲನದ ಅಕ್ಷರಕ್ಕಿಂತ ಮೊದಲಿದೆ. ಆದ್ದರಿಂದ ಮಗು ಮೊದಲು 4 ಮತ್ತು 3ನ್ನು ಕೂಡಿಸಿ, ಬಂದ 7ನ್ನು ಹತ್ತರಿಂದ ಕಳೆಯಿತು. ಕಲಿತದ್ದನ್ನು ಪಾಲಿಸಿಯೇ ಅದು ತಪ್ಪಿತು!

ಈ ನಿಯಮ ಬಂದದ್ದಾದರೂ ಎಲ್ಲಿಂದ? 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತ ಪದ್ಯಗಳಲ್ಲಿ ರಚಿಸಿದನು. ಲೆಕ್ಕವು ಮಾತಿನಲ್ಲಿದ್ದಾಗ ಯಾವುದು ಮೊದಲೆಂಬುದನ್ನು ಮಾತೇ ತಿಳಿಸುತ್ತಿತ್ತು. ಮಾತಿನ ಸ್ಥಾನಕ್ಕೆ ಚಿಹ್ನೆಗಳು ಬಂದಾಗ ತೊಡಕೂ ಬಂದಿತು. ಕೂಡುವ, ಕಳೆಯುವ ಚಿಹ್ನೆಗಳು 1489ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಅಚ್ಚಾದ ವಿಡ್‌ಮನ್ನನ ಗ್ರಂಥದಲ್ಲಿ ಕಾಣಿಸಿಕೊಂಡವು. ಗುಣಾಕಾರದ × ಚಿಹ್ನೆಯನ್ನು 1631ರಲ್ಲಿ ಬಳಸಿದವನು ಇಂಗ್ಲೆಂಡಿನ ಪಾದ್ರಿ ವಿಲಿಯಂ ಆಟ್ರೆಡ್. ಭಾಗಾಕಾರದ ÷ ಚಿಹ್ನೆ 1659ರಲ್ಲಿ ಸ್ವಿಟ್ಜರ್ಲೆಂಡಿನ ರಾನ್ ಎಂಬಾತನ ಗ್ರಂಥದಲ್ಲಿ ಬಂದಿತು. ‘ಇದನ್ನು ಮೊದಲು ಮಾಡು’ ಎಂದು ಹೇಳುವ ದುಂಡು ಆವರಣಗಳು ಇಟಲಿಯ ತಾರ್ತಾಲಿಯನ 1556ರ ಕೃತಿಯಲ್ಲಿಯೂ, 1582ರ ಪಂಚಾಂಗ ಸುಧಾರಣೆಗೆ ದುಡಿದ ಯೇಸುಸಭೆಯ ಗುರು ಕ್ಲಾವಿಯುಸ್‌ರವರ 1608ರ ಬೀಜಗಣಿತದಲ್ಲಿಯೂ ಇವೆ.

ಗುಣಾಕಾರಕ್ಕೆ ಸಂಕಲನಕ್ಕಿಂತ ಮೊದಲ ಸ್ಥಾನವೇಕೆ? 2 + 3 × 4 ಎಂದರೆ ಎರಡು ಬಿಡಿ ಮಾವಿನಹಣ್ಣು, ಜೊತೆಗೆ ನಾಲ್ಕು ನಾಲ್ಕು ಹಣ್ಣುಗಳಿರುವ ಮೂರು ಬುಟ್ಟಿಗಳು ಎಂದುಕೊಳ್ಳಿ. ಬುಟ್ಟಿಗಳ ಹಣ್ಣನ್ನು ಎಣಿಸದೆ ಒಟ್ಟು ತಿಳಿಯದು. ಉತ್ತರ 14, ಖಂಡಿತವಾಗಿಯೂ 20 ಅಲ್ಲ.

ಆದರೆ ಎಲ್ಲವೂ ಇಷ್ಟು ಸ್ಪಷ್ಟವಾಗಿರಲಿಲ್ಲ. ಗುಣಾಕಾರ, ಭಾಗಾಕಾರಗಳು ಒಟ್ಟಿಗೆ ಬಂದರೆ ಯಾವುದು ಮೊದಲೆಂಬುದರಲ್ಲಿ ಇನ್ನೂ ಒಮ್ಮತವಿಲ್ಲವೆಂದು ಗಣಿತ ಚಿಹ್ನೆಗಳ ಇತಿಹಾಸಕಾರ ಫ್ಲೋರಿಯನ್ ಕಜೋರಿ 1928ರಲ್ಲಿಯೂ ಬರೆದರು. ಇಂದು ಶಾಲೆಗಳಲ್ಲಿ ಅವೆರಡನ್ನೂ ಸಮಾನವೆಂದೆಣಿಸಿ ಎಡದಿಂದ ಬಲಕ್ಕೆ ಬಿಡಿಸುತ್ತಾರೆ. ಸಂಕಲನ, ವ್ಯವಕಲನಗಳಿಗೂ ಇದೇ ಕ್ರಮ. ‘ಬಾಡ್‌ಮಾಸ್’ ಎಂಬ ಪದವು ಮುಚ್ಚಿಡುವುದು ಈ ಸಮಾನತೆಯನ್ನೇ.

ಹೀಗೆ ಈ ಕ್ರಮದಲ್ಲಿ ಕಾರಣವೂ ಇದೆ, ಬರೆದುದನ್ನು ಎಲ್ಲರೂ ಒಂದೇ ರೀತಿ ಓದಲೆಂದು ಮನುಷ್ಯರು ಮಾಡಿಕೊಂಡ ಒಪ್ಪಂದವೂ ಇದೆ. ಇವೆರಡನ್ನೂ ಮಕ್ಕಳಿಗೆ ತಿಳಿಸದೆ ಅಕ್ಷರಗಳನ್ನಷ್ಟೇ ಬಾಯಿಪಾಠ ಮಾಡಿಸಿದರೆ, ವಿಧೇಯ ಮಗುವೇ ಮೊದಲು ಎಡವುತ್ತದೆ. ಇಂದು ಸಂಜೆ ನಿಮ್ಮ ಮಗುವನ್ನು ಕೇಳಿ ನೋಡಿ: “ಹತ್ತು ರೂಪಾಯಿಯಲ್ಲಿ ನಾಲ್ಕು ಖರ್ಚಾಯಿತು, ಆಮೇಲೆ ಅಜ್ಜಿ ಮೂರು ಕೊಟ್ಟರು. ಈಗ ಕೈಯಲ್ಲೆಷ್ಟು?” ಒಂಬತ್ತೆಂದು ಅದು ತಡವರಿಸದೆ ಹೇಳೀತು. ಪಾಠವನ್ನು ಅಲ್ಲಿಂದಲೇ ಆರಂಭಿಸಿರಿ.