ಸೆಲರಿ ಬೀಜದಿಂದ ಸ್ಟ್ರೋಕ್ ಔಷಧಿಗೆ: ಒಂದು ಉದ್ದದ ದಾರಿ

ಇವತ್ತಿನ ಕಥೆ ನಮ್ಮನೆಯಿಂದಲೇ ಶುರುವಾಗುತ್ತೆ.

ನಾನು ಎಂಟನೇ ಕ್ಲಾಸ್‌ನಲ್ಲಿದ್ದೆ. ಒಂದು ಬೆಳಿಗ್ಗೆ ತಾತನ ಕೈಯಿಂದ ಕಾಫಿ ಲೋಟ ಜಾರಿ ಬಿತ್ತು. ಬಾಯಿ ಸೊಟ್ಟಗಾಗಿತ್ತು, ಬಲಗೈ ಮೇಲೇಳಲಿಲ್ಲ. ‘ಲಕ್ವ ಹೊಡೆದಿದೆ’ ಅಂದ್ರು ಪಕ್ಕದ ಮನೆಯವರು. ಆಸ್ಪತ್ರೆಗೆ ಹೋಗೋದು ಬಿಟ್ಟು, ದೂರದ ಊರಲ್ಲಿ ಸೊಪ್ಪಿನ ಔಷಧಿ ಕೊಡುವವರ ಹತ್ರ ಕರ್ಕೊಂಡು ಹೋದೆವು. ಹಸಿರು ರಸ ಕುಡಿಸಿದರು. ಅರ್ಧ ಬಾಯಿಯ ಅಂಚಿನಿಂದಲೇ ಸುರಿದುಹೋಯ್ತು. ಆಸ್ಪತ್ರೆ ಸೇರಿದ್ದು ಮರುದಿನ. ತಾತ ಆಮೇಲೆ ಆರು ವರ್ಷ ಬದುಕಿದ್ದರು. ಆದರೆ ನನ್ನ ಹೆಸರನ್ನು ಮತ್ತೆ ಯಾವತ್ತೂ ಕರೆಯಲಿಲ್ಲ.

ಹಾಗಾದ್ರೆ ಗಿಡಗಳಲ್ಲಿ ಏನೂ ಇಲ್ವಾ? ಇದೆ. ಅದನ್ನು ಹುಡುಕಿದ ಚರಿತ್ರೆಯೇ ಇವತ್ತಿನ ವಿಷಯ.

ಮೊದಲು ಮಿದುಳಲ್ಲಿ ಏನಾಗುತ್ತೆ ನೋಡೋಣ. ಹೆಚ್ಚಿನ ಸ್ಟ್ರೋಕ್‌ಗಳಲ್ಲಿ ಹೆಪ್ಪುಗಟ್ಟಿದ ರಕ್ತ ಒಂದು ನಾಳವನ್ನು ಮುಚ್ಚಿಬಿಡುತ್ತೆ. ರಕ್ತ ಪೂರ್ತಿ ನಿಂತ ಜಾಗದ ನರಕೋಶಗಳು ಬೇಗ ಸಾಯುತ್ತವೆ. ಅದರ ಸುತ್ತಲಿನವು ಮಾತ್ರ ಕೆಲವು ಗಂಟೆ ಅರೆಜೀವವಾಗಿ ಉಸಿರು ಹಿಡಿದಿರುತ್ತವೆ. ದೊಡ್ಡ ನಾಳ ಮುಚ್ಚಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ನಾಶವಾಗುತ್ತವೆ ಅಂತ 2006ರಲ್ಲಿ ಲೆಕ್ಕ ಹಾಕಿದರು. ಆ ಅರೆಜೀವ ಕೋಶಗಳನ್ನು ಉಳಿಸೋ ಔಷಧಿಯೇ ವಿಜ್ಞಾನಿಗಳ ಕನಸು.

ಆ ಕನಸಿನ ಹಿಂದೆ ಹೋದವರಲ್ಲಿ ಹಂಗೇರಿಯವರೂ ಇದ್ದರು. ನಮ್ಮ ಅಂಗಳದ ಕಾಶಿ ಕಣಗಿಲೆಯ ಹತ್ತಿರದ ಸಂಬಂಧಿ ವಿಂಕಾ ಮೈನರ್ ಅನ್ನೋ ಗಿಡ. ಅದರ ವಿಂಕಮೀನ್ ಎಂಬ ಅಂಶವನ್ನು ಮಾರ್ಪಡಿಸಿ ‘ವಿನ್‌ಪೊಸೆಟಿನ್’ ಮಾಡಿದರು. 1978ರಲ್ಲಿ ಅದು ಮಾರುಕಟ್ಟೆಗೂ ಬಂತು. ಆದರೆ ಸ್ಟ್ರೋಕ್ ಆದ ಕೂಡಲೇ ಕೊಟ್ಟರೆ ಪ್ರಾಣವೋ ಕೈಕಾಲೋ ಉಳಿಯುತ್ತೆ ಅನ್ನೋಕೆ ಸಾಕಷ್ಟು ಪುರಾವೆ ಸಿಗಲೇ ಇಲ್ಲ.

ಹಂಗೇರಿಯದ್ದು ಒಂದೇ ಅಲ್ಲ. 2006ರಲ್ಲಿ ಸಂಶೋಧಕರು ಲೆಕ್ಕ ಹಾಕಿದಾಗ ಪ್ರಯೋಗ ಮಾಡಿದ್ದ ಸ್ಟ್ರೋಕ್ ಚಿಕಿತ್ಸೆಗಳ ಸಂಖ್ಯೆ 1,026. ಮನುಷ್ಯರ ತನಕ ಬಂದದ್ದು 114. ಇಲಿಗಳಲ್ಲಿ ಪವಾಡ, ರೋಗಿಗಳಲ್ಲಿ ಸೋಲು. ಯಾಕೆ? ಲ್ಯಾಬ್‌ನ ಇಲಿ ಎಳೆಯದು, ಆರೋಗ್ಯವಾಗಿರುತ್ತೆ. ಸ್ಟ್ರೋಕ್ ಆದ ಸ್ವಲ್ಪ ಹೊತ್ತಿಗೇ ಔಷಧಿ ಸಿಗುತ್ತೆ. ನಮ್ಮ ತಾತನಿಗೆ ಬಿಪಿ ಇತ್ತು, ಶುಗರ್ ಇತ್ತು, ಒಂದು ದಿನ ತಡವೂ ಆಗಿತ್ತು.

ಈಗ ಚೀನಾಕ್ಕೆ ಹೋಗೋಣ. ಚೈನೀಸ್ ಸೂಪ್‌ಗೆ ಹಾಕೋ ಸೆಲರಿ ಗೊತ್ತಲ್ಲ? ಅದರ ಬೀಜದಲ್ಲಿ ಬ್ಯೂಟೈಲ್‌ಥಾಲೈಡ್ ಎಂಬ ರಾಸಾಯನಿಕ ಇದೆ. ಅದನ್ನೇ ಕಾರ್ಖಾನೆಯಲ್ಲಿ ತಯಾರಿಸಿ ಔಷಧಿ ಮಾಡಿದರು. ಚೀನಾ 2002ರಲ್ಲೇ ಸ್ಟ್ರೋಕ್‌ಗೆ ಅನುಮತಿ ಕೊಟ್ಟಿತು. ಆದರೆ ದೊಡ್ಡ ಪರೀಕ್ಷೆಯ ಫಲಿತಾಂಶ ಬಂದದ್ದು 2023ರಲ್ಲಿ, ಅಂದ್ರೆ 21 ವರ್ಷದ ಮೇಲೆ. 1,216 ರೋಗಿಗಳು. ಅರ್ಧದಷ್ಟು ಜನಕ್ಕೆ ನಿಜವಾದ ಔಷಧಿ, ಉಳಿದವರಿಗೆ ನೋಡೋಕೆ ಹಾಗೇ ಇರೋ ಪ್ಲಸೀಬೊ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. 90 ದಿನಗಳ ನಂತರ ಚೆನ್ನಾಗಿ ಚೇತರಿಸಿಕೊಂಡವರು ಔಷಧಿ ಗುಂಪಿನಲ್ಲಿ 56.7%, ಪ್ಲಸೀಬೊ ಗುಂಪಿನಲ್ಲಿ 44%.

ಒಳ್ಳೆ ಸುದ್ದಿಯೇ. ಆದರೆ ಇಲ್ಲೊಂದು ಮಾತು ಗಮನಿಸಿ. ಆ ರೋಗಿಗಳೆಲ್ಲ ಸ್ಟ್ರೋಕ್ ಆದ 6 ಗಂಟೆಯೊಳಗೆ ಪರೀಕ್ಷೆಗೆ ಸೇರಿದವರು. ಹೆಪ್ಪು ಕರಗಿಸುವ ಇಂಜೆಕ್ಷನ್ ಅಥವಾ ನಾಳದೊಳಗಿಂದ ಹೆಪ್ಪು ತೆಗೆಯುವ ಚಿಕಿತ್ಸೆಯೂ ಅವರಿಗೆ ಸಿಕ್ಕಿತ್ತು. ಸೆಲರಿಯಿಂದ ಬಂದ ಔಷಧಿ ಆಸ್ಪತ್ರೆಯ ಬದಲಿಗೆ ಬಂದದ್ದಲ್ಲ, ಜೊತೆಗೆ ಬಂದದ್ದು. ಪರೀಕ್ಷೆ ನಡೆದದ್ದೂ ಚೀನಾದಲ್ಲಷ್ಟೇ. ಬೇರೆ ಜನರಲ್ಲೂ ಇದೇ ಫಲ ಬರುತ್ತಾ ಅಂತ ನೋಡಬೇಕು. ಹಾಗಾಗಿ ಸೂಪ್ ಕುಡಿದು ಲಕ್ವ ವಾಸಿ ಮಾಡ್ಕೊಳ್ಳೋಕೆ ಹೋಗಬೇಡಿ.

ಹೆಪ್ಪು ಕರಗಿಸುವ ಇಂಜೆಕ್ಷನ್‌ಗೂ ತನ್ನದೇ ಚರಿತ್ರೆ ಇದೆ. 3 ಗಂಟೆಯೊಳಗೆ ಕೊಟ್ಟರೆ ಉಪಯೋಗ ಅಂತ 1995ರಲ್ಲಿ ಸಾಬೀತಾಯ್ತು. 2008ರಲ್ಲಿ ಆ ಅವಧಿ ನಾಲ್ಕೂವರೆ ಗಂಟೆಗೆ ಹಿಗ್ಗಿತು. ಆದರೆ ಸ್ಕ್ಯಾನ್ ಆಗದೆ ಅದನ್ನು ಕೊಡೋ ಹಾಗಿಲ್ಲ. ಒಳಗೆ ಆಗಿರೋದು ಹೆಪ್ಪೋ ರಕ್ತಸ್ರಾವವೋ ಅಂತ ಹೊರಗಿಂದ ನೋಡಿ ಹೇಳೋಕಾಗಲ್ಲ. ಸ್ಟ್ರೋಕ್ ಆದವರಿಗೆ ನುಂಗೋದೂ ಕಷ್ಟ. ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಅವತ್ತು ಆ ರಸ ಹೊರಗೆ ಸುರಿದದ್ದೇ ಒಳ್ಳೇದಾಯ್ತು ಅಂತ ಈಗ ಅನ್ಸುತ್ತೆ.

ಔಷಧಿ ಕೊಟ್ಟವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಕಾರು ಹತ್ತಿಸಿದ್ದು ನಾವೇ. ಬಾಯಿ ಸೊಟ್ಟಗಾದರೆ, ಕೈ ಬಿದ್ದುಹೋದರೆ, ಮಾತು ತೊದಲಿದರೆ ಗಡಿಯಾರ ನೋಡಿ, 108ಕ್ಕೆ ಫೋನ್ ಮಾಡಿ. ಮನೆಯಲ್ಲಿ ಅಜ್ಜಿ ತಾತ ಇದ್ದರೆ ಈ ಕಂತನ್ನು ಅವರ ಪಕ್ಕ ಕೂತು ಇನ್ನೊಂದ್ಸಲ ಕೇಳಿ. ಮತ್ತೆ ಸಿಗೋಣ.