ಬೆಂಕಿಯಲ್ಲಿ ಬರೆಯೋ ಮುಂಚೆ

ಕೆಂಪಾಪುರದ ಬಾಡಿಗೆ ಮನೆ ಬಾಲ್ಕನಿಯಲ್ಲಿ ಮೊದಲ ಸಲ ಮರ ಸುಡೋ ಪೆನ್ನು ಹಿಡಿದು 'ಅಮ್ಮ' ಅಂತ ಬರೆಯೋಕೆ ಹೋದೆ. ಹಲಗೆ ತುಂಬಾ ಕರಿ ಗುಂಡಿ! ಆಗ ನೆನಪಾಗಿದ್ದು ತಾತ. ಕುಡುಗೋಲಿನ ಹಿಂಬದಿ ಮೊನೆ ಕೆಂಪಗೆ ಕಾಯಿಸಿ ಮರದ ಹಿಡಿಯೊಳಗೆ ಸ್ವಲ್ಪ ಸ್ವಲ್ಪವೇ ಇಳಿಸೋರು. ಅವಸರ ಮಾಡಿದ್ರೆ ತೂತು ದೊಡ್ಡದಾಗಿ ಹಿಡಿ ಸಡಿಲ.

ಈ ವಿದ್ಯೆ ನಮಗೆ ಹೊಸದಲ್ಲ. ಕೊಳಲು ಮಾಡೋರು ಕಾದ ಸರಳಿನಿಂದ ಬಿದಿರಿಗೆ ತೂತು ಹಾಕ್ತಾರೆ. ಚನ್ನಪಟ್ಟಣದಲ್ಲಂತೂ ತಿರುಗೋ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಬಣ್ಣ ಕೂರುತ್ತೆ. ಯುರೋಪಿನವರು ಕಾದ ಸಲಾಕೆಯಲ್ಲಿ ಚಿತ್ರ ಬರೀತಿದ್ರು. 19ನೇ ಶತಮಾನದ ಕೊನೆಗೆ ಪ್ಲಾಟಿನಂ ಮೊನೆ ಬಂತು, ಆಮೇಲೆ ಕರೆಂಟಿನ ಪೆನ್ನು. ಉಪಕರಣ ಬದಲಾಯ್ತು, ಪಾಠ ಅದೇ: ಬಿಸಿ ಅಳತೆಯಲ್ಲಿರಬೇಕು.

ಹೊಸಬರಿಗೆ ಇಷ್ಟು ಹೇಳ್ತೀನಿ. ಚನ್ನಪಟ್ಟಣದ ಗೊಂಬೆಗೆ ಬಳಸೋ ಆಲೆ ಮರದಂಥ ತಿಳಿ ಬಣ್ಣದ, ನುಣುಪು ಮರ ಆರಿಸಿ, ಸ್ಯಾಂಡ್ ಪೇಪರ್ ಹಾಕಿ ಉಜ್ಜಿ. ಬಣ್ಣ ಬಳಿದ ಹಲಗೆ, ಪ್ಲೈವುಡ್ ಬೇಡ. ಅದರ ಹೊಗೆ ಎದೆಗೆ ಕೆಟ್ಟದ್ದು. ಬಿಸಿ ಕಮ್ಮಿ ಇಡಿ, ಒತ್ತಬೇಡಿ, ಕೈ ಒಂದೇ ಕಡೆ ನಿಲ್ಲಿಸಬೇಡಿ. ಕಪ್ಪು ಸಾಲದಿದ್ರೆ ಇನ್ನೊಂದು ಸಲ ಎಳೀರಿ.

ಆಫೀಸಿನ ಕೋಡಿಗೆ ಅಂಡೂ ಇದೆ, ಸುಟ್ಟ ಮರಕ್ಕಿಲ್ಲ. ತಾತನ ಕುಡುಗೋಲು ಈಗಲೂ ಊರಲ್ಲಿದೆ. ಹಿಡಿ ಒಂಚೂರೂ ಅಲ್ಲಾಡಲ್ಲ.